ಪೋಕರ್ ಭಾಷೆ ಓದಲು ಕಲಿಯೋಣ: ಎಲೆಯ ಗುರುತಿನಿಂದ ಮೇಜಿನ ಮಾತಿನ ತನಕ

ತೀನ್ ಪತ್ತಿ ಆಡಿ ಗೊತ್ತಿರುವವರಿಗೆ ಪೋಕರ್ ಆಟ ಅರ್ಥವಾಗಲು ಅರ್ಧ ಗಂಟೆ ಸಾಕು. ಅದರ ಮಾತು ಅರ್ಥವಾಗಲು ಮಾತ್ರ ಜಾಸ್ತಿ ಹೊತ್ತು ಬೇಕು. ಕೆಲವು ಪದಗಳು ಪೂರ್ತಿ ಹೊಸವು. ಅವು ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಮೊದಲೇ ಕೇಳಿದ್ದರೂ ಇಲ್ಲಿ ಅರ್ಥ ಬದಲಾಗಿರುವ ಪದಗಳು.

‘ಬ್ಲೈಂಡ್’ ಅನ್ನೇ ನೋಡಿ. ತೀನ್ ಪತ್ತಿಯಲ್ಲಿ ಬ್ಲೈಂಡ್ ಆಡುವುದು ಅಂದರೆ ಎಲೆ ಮುಟ್ಟದೆ, ನೋಡದೆ ದುಡ್ಡು ಹಾಕುವುದು. ಅದು ನಮ್ಮ ಇಷ್ಟ, ನಮ್ಮ ಧೈರ್ಯ. ಪೋಕರ್‌ನಲ್ಲಿ ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಮುಂದಿಡಬೇಕಾದ ಮೊತ್ತ. ಒಬ್ಬರದ್ದು ಸಣ್ಣದು, ಸ್ಮಾಲ್ ಬ್ಲೈಂಡ್. ಪಕ್ಕದವರದ್ದು ದೊಡ್ಡದು, ಬಿಗ್ ಬ್ಲೈಂಡ್. ಇಷ್ಟವಿರಲಿ ಬಿಡಲಿ, ಸರದಿ ಬಂದಾಗ ಹಾಕಲೇಬೇಕು. ತೀನ್ ಪತ್ತಿಯಲ್ಲಿ ಇದಕ್ಕೆ ಹತ್ತಿರದ್ದು ಬೂಟು. ಆದರೆ ಬೂಟನ್ನು ಎಲ್ಲರೂ ಹಾಕುತ್ತಾರೆ. ಪೋಕರ್‌ನಲ್ಲಿ ಎಲ್ಲರೂ ಹಾಕುವ ಅಂಥ ಮೊತ್ತಕ್ಕೆ ‘ಆಂಟಿ’ ಅಂತಾರೆ.

ಪೋಕರ್‌ನಲ್ಲಿ ಹತ್ತಾರು ಬಗೆಗಳಿವೆ. ಇಲ್ಲಿ ಹೇಳುತ್ತಿರುವುದು ಟೆಕ್ಸಾಸ್ ಹೋಲ್ಡಮ್ ಬಗ್ಗೆ. ಟೀವಿಯಲ್ಲಿ, ಯೂಟ್ಯೂಬಿನಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಇದೇ. ಪ್ರತಿಯೊಬ್ಬರ ಕೈಗೆ 2 ಎಲೆ. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ 5 ಎಲೆ. ಈ 7ರಲ್ಲಿ ಚೆನ್ನಾಗಿರುವ 5 ಎಲೆ ನಿಮ್ಮ ಕೈ. ಪದಗಳನ್ನು ಅಕಾರಾದಿಯಾಗಿ ಉರು ಹೊಡೆಯುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನನ್ನ ಪ್ರಕಾರ ಅದು ದಂಡ. ಪೋಕರ್ ಮಾತಿನ ಬಹುಪಾಲು ಮೂರೇ ಪ್ರಶ್ನೆಗಳಿಗೆ ಉತ್ತರ: ಯಾವ ಎಲೆ, ಎಲ್ಲಿ ಕೂತಿದ್ದಾರೆ, ಏನು ಮಾಡಿದರು. ಈ ಮೂರನ್ನು ಬೇರೆ ಬೇರೆಯಾಗಿ ನೋಡಿಕೊಂಡು, ಆಮೇಲೆ ಒಂದು ಆಟವನ್ನು ಸಾಲು ಸಾಲಾಗಿ ಓದಿದರೆ ಪದಗಳು ತಾವಾಗಿಯೇ ತಲೆಗೆ ಅಂಟಿಕೊಳ್ಳುತ್ತವೆ.

ಎಲೆ ಬರೆಯುವ ರೀತಿ

ಪ್ರತಿ ಎಲೆಗೆ ಎರಡು ಗುರುತು. ಮೊದಲನೆಯದು ಅದರ ಬೆಲೆ, ಎರಡನೆಯದು ಅದರ ಜಾತಿ. ಬೆಲೆಗೆ 2ರಿಂದ 9ರವರೆಗೆ ಅಂಕಿಯೇ. ಮೇಲಿನವಕ್ಕೆ ಇಂಗ್ಲಿಷಿನ ಒಂದೊಂದು ದೊಡ್ಡಕ್ಷರ: ಎಕ್ಕಕ್ಕೆ ಎ, ರಾಜನಿಗೆ ಕೆ, ರಾಣಿಗೆ ಕ್ಯೂ, ಗುಲಾಮನಿಗೆ ಜೆ. ಪರದೆಯ ಮೇಲೆ ಇವು ಇಂಗ್ಲಿಷಿನಲ್ಲೇ ಇರುತ್ತವೆ. ನಾನಿಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹತ್ತಕ್ಕೆ ಮಾತ್ರ 10 ಅಂತ ಬರೆಯುವುದಿಲ್ಲ, ‘ಟಿ’ ಅಂತ ಬರೆಯುತ್ತಾರೆ. ಹೊಸಬರು ಇಲ್ಲಿ ಒಂದು ಕ್ಷಣ ನಿಂತುಬಿಡುತ್ತಾರೆ. ಬೇರೆ ಎಲ್ಲ ಎಲೆಗೂ ಒಂದೇ ಅಕ್ಷರ ಸಾಕಾದಾಗ ಹತ್ತಕ್ಕೆ ಮಾತ್ರ ಎರಡು ಯಾಕೆ ಅನ್ನುವುದೇ ಕಾರಣ. ಒಂದೊಂದು ಎಲೆಗೂ ಸರಿಯಾಗಿ ಎರಡು ಅಕ್ಷರ ಅಂತಾದರೆ ಓದುವ ಕಣ್ಣಿಗೂ ಸುಲಭ, ಲೆಕ್ಕ ಹಾಕುವ ತಂತ್ರಾಂಶಕ್ಕೂ ಸುಲಭ.

ಜಾತಿಗೆ ಸಣ್ಣಕ್ಷರ. ಇಸ್ಪೀಟಿಗೆ ಎಸ್, ಆಟೀನಿಗೆ ಎಚ್, ಡೈಮನ್‌ಗೆ ಡಿ, ಕಳಾವರ್‌ಗೆ ಸಿ. ಚಿತ್ರ ಹಾಕುವ ಸೌಲಭ್ಯ ಇದ್ದರೆ ♠ ♥ ♦ ♣ ಹಾಕುತ್ತಾರೆ. ಹಾಗಾಗಿ ಎ♠ ಅಂದರೆ ಇಸ್ಪೀಟ್ ಎಕ್ಕ, ಟಿ♦ ಅಂದರೆ ಡೈಮನ್ ಹತ್ತು. ಎರಡನೇ ಎಲೆ ಯಾವುದಾದರೂ ಪರವಾಗಿಲ್ಲ ಅನ್ನುವಾಗ ‘ಎಕ್ಸ್’ ಬರೆಯುತ್ತಾರೆ. ‘ಎ-ಎಕ್ಸ್’ ಅಂದರೆ ಒಂದು ಎಕ್ಕ, ಜೊತೆಗೆ ಏನೋ ಒಂದು. ಕಂಪ್ಯೂಟರಿನಲ್ಲಿ ನೀಲಿ ಡೈಮನ್, ಹಸಿರು ಕಳಾವರ್ ಕಂಡರೆ ಗಾಬರಿ ಬೇಡ. ನಾಲ್ಕು ಜಾತಿಗೆ ನಾಲ್ಕು ಬಣ್ಣ ಕೊಟ್ಟ ಕಟ್ಟು ಅದು. ಅವಸರದಲ್ಲಿ ಆಟೀನನ್ನು ಡೈಮನ್ ಅಂದುಕೊಳ್ಳದಿರಲಿ ಅಂತ.

ಇನ್ನೊಂದು ವಿಷಯ. ಹೋಲ್ಡಮ್‌ನಲ್ಲಿ ಯಾರ ಕೈ ದೊಡ್ಡದು ಅಂತ ನೋಡುವಾಗ ಜಾತಿಗಳಲ್ಲಿ ಮೇಲು ಕೀಳು ಇಲ್ಲ. ಇಬ್ಬರ 5 ಎಲೆಗಳೂ ಬೆಲೆಯಲ್ಲಿ ಸಮ ಇದ್ದರೆ ದುಡ್ಡು ಅರ್ಧರ್ಧ. ಇಸ್ಪೀಟ್ ದೊಡ್ಡದು ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಈಗ ನಿಜವಾದ ಗೊಂದಲ. ಬಹಳ ಕಡೆ ಎಲೆಯ ಜಾತಿಯನ್ನೇ ಬರೆಯದೆ ‘ಎ-ಕೆ-ಎಸ್’, ‘ಎ-ಕೆ-ಓ’ ಅಂತ ಬರೆದಿರುತ್ತಾರೆ. ಇಲ್ಲಿ ಎಸ್ ಅಂದರೆ ಇಸ್ಪೀಟ್ ಅಲ್ಲ! ಅದು ‘ಸೂಟೆಡ್’, ಅಂದರೆ ಎರಡೂ ಎಲೆ ಒಂದೇ ಜಾತಿ. ಓ ಅಂದರೆ ‘ಆಫ್‌ಸೂಟ್’, ಬೇರೆ ಬೇರೆ ಜಾತಿ. ಒಂದೇ ಎಸ್ ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಸೂಟೆಡ್. ಹೇಗೆ ಗೊತ್ತಾಗಬೇಕು? ಅಕ್ಷರ ಎಣಿಸಿ. ಎರಡು ಎಲೆಗೆ ನಾಲ್ಕು ಅಕ್ಷರ ಇದ್ದರೆ ಜಾತಿ ಬರೆದಿದ್ದಾರೆ. ಮೂರೇ ಇದ್ದರೆ ಕೊನೆಯದು ಸೂಟೆಡ್ ಅಥವಾ ಆಫ್‌ಸೂಟ್. ಎರಡೇ ಇದ್ದು ಎರಡೂ ಒಂದೇ ಆದರೆ, ಉದಾಹರಣೆಗೆ 7-7, ಅದು ಜೋಡಿ. ಎ-ಕೆ ಥರ ಬೇರೆ ಬೇರೆ ಇದ್ದರೆ ಸೂಟೆಡ್, ಆಫ್‌ಸೂಟ್ ಎರಡೂ ಸೇರಿದವು. ಜೋಡಿಯಲ್ಲಿ ಎರಡೂ ಎಲೆ ಒಂದೇ ಜಾತಿ ಆಗಲು ಸಾಧ್ಯವೇ ಇಲ್ಲ, ಅದಕ್ಕೇ ಕೊನೆಯ ಅಕ್ಷರ ಬೇಕಿಲ್ಲ.

ಹೀಗೆ ಚುಟುಕಾಗಿ ಬರೆಯುವುದಕ್ಕೆ ಲೆಕ್ಕದ ಕಾರಣ ಇದೆ. 52 ಎಲೆಯಲ್ಲಿ 2 ಎಲೆ ಬರುವ ಬಗೆಗಳು 1,326. ಅಷ್ಟನ್ನೂ ಬೇರೆ ಬೇರೆ ಯೋಚಿಸಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಮಧ್ಯದ ಎಲೆ ಬೀಳುವ ತನಕ ಎ♠ ಕೆ♠ ಇದ್ದರೇನು, ಎ♦ ಕೆ♦ ಇದ್ದರೇನು, ಎರಡೂ ಒಂದೇ. ಹಾಗೆ ಒಂದೇ ಥರದವನ್ನು ಸೇರಿಸಿದರೆ ಉಳಿಯುವುದು 169: ಜೋಡಿಗಳು 13, ಸೂಟೆಡ್ 78, ಆಫ್‌ಸೂಟ್ 78. ಪುಸ್ತಕಗಳಲ್ಲಿ ಕಾಣುವ 13ಕ್ಕೆ 13ರ ಚೌಕಗಳ ಪಟ್ಟಿ ಇದೇ. ಒಂದು ಜೋಡಿ ಬರಲು 6 ದಾರಿ, ಒಂದು ಸೂಟೆಡ್ ಕೈಗೆ 4, ಒಂದು ಆಫ್‌ಸೂಟ್ ಕೈಗೆ 12. ಅಂದರೆ ಎದುರಿನವರ ಹತ್ತಿರ ಎ-ಕೆ ಇದೆ ಅಂತ ಗೊತ್ತಾದರೆ ಅದು ಸೂಟೆಡ್ ಆಗಿರುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಕೈಗೆ ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ.

ಸೂಟೆಡ್ ಅಂದ ಕೂಡಲೇ ಹೊಸಬರಿಗೆ ಆಸೆ ಹುಟ್ಟುತ್ತದೆ. ಅಷ್ಟು ಬೇಡ. ಯಾವುದೋ ಒಂದು ಕೈಯ ಎದುರು ಕೊನೆ ತನಕ ಹೋದರೆ ಎ-ಕೆ ಸೂಟೆಡ್ ಸುಮಾರು ಶೇ 67 ಗೆಲ್ಲುತ್ತದೆ, ಆಫ್‌ಸೂಟ್ ಸುಮಾರು ಶೇ 65. ಬಣ್ಣ ಕೂಡಿದ್ದಕ್ಕೆ ಸಿಗುವ ಲಾಭ ಅಷ್ಟೇ.

ಕೊನೆಗೆ ಪ್ಲಸ್ ಗುರುತು. ‘7-7+’ ಅಂದರೆ ಏಳರ ಜೋಡಿ ಮತ್ತು ಅದಕ್ಕಿಂತ ದೊಡ್ಡ ಎಲ್ಲ ಜೋಡಿಗಳು. ‘ಎ-ಟಿ-ಎಸ್+’ ಅಂದರೆ ಎಕ್ಕವನ್ನು ಹಾಗೇ ಇಟ್ಟು ಎರಡನೇ ಎಲೆಯನ್ನು ಮೇಲೆ ಏರಿಸುತ್ತಾ ಹೋಗಿ: ಎ-ಟಿ, ಎ-ಜೆ, ಎ-ಕ್ಯೂ, ಎ-ಕೆ, ಎಲ್ಲವೂ ಸೂಟೆಡ್. ಹೀಗೆ ಒಬ್ಬರ ಹತ್ತಿರ ಇರಬಹುದಾದ ಕೈಗಳ ಗುಂಪಿಗೆ ‘ರೇಂಜ್’ ಅಂತಾರೆ. ಒಂದನ್ನು ಬಿಡಿಸಿ ನೋಡೋಣ: 7-7+, ಎ-ಟಿ-ಎಸ್+, ಕೆ-ಕ್ಯೂ-ಓ. ಜೋಡಿಗಳು 8, ಒಂದೊಂದಕ್ಕೆ 6 ದಾರಿ, ಒಟ್ಟು 48. ಸೂಟೆಡ್ ಎಕ್ಕಗಳು 4, ಒಂದೊಂದಕ್ಕೆ 4, ಒಟ್ಟು 16. ರಾಜ-ರಾಣಿ ಆಫ್‌ಸೂಟ್ 12. ಕೂಡಿದರೆ 76. ಅಂದರೆ 1,326ರಲ್ಲಿ ಶೇ 6 ಕೂಡ ಇಲ್ಲ. ಬರೆದಾಗ ಉದ್ದ ಕಾಣುವ ರೇಂಜ್ ನಿಜದಲ್ಲಿ ಎಷ್ಟು ಬಿಗಿ ನೋಡಿ.

ಕೈಗಳ ದರ್ಜೆ, ತೀನ್ ಪತ್ತಿಯವರಿಗೆ ಒಂದು ಎಚ್ಚರಿಕೆ

ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ಏನೂ ಕೂಡದಿದ್ದರೆ ಹೈ ಕಾರ್ಡ್. ಆಮೇಲೆ ಒಂದು ಜೋಡಿ, ಎರಡು ಜೋಡಿ, ಒಂದೇ ಬೆಲೆಯ ಮೂರು, ಸ್ಟ್ರೇಟ್ ಅಂದರೆ ಸಾಲಾಗಿ ಐದು, ಫ್ಲಶ್ ಅಂದರೆ ಒಂದೇ ಜಾತಿಯ ಐದು, ಫುಲ್ ಹೌಸ್ ಅಂದರೆ ಮೂರು ಮತ್ತು ಜೋಡಿ, ಒಂದೇ ಬೆಲೆಯ ನಾಲ್ಕು, ಸ್ಟ್ರೇಟ್ ಫ್ಲಶ್ ಅಂದರೆ ಒಂದೇ ಜಾತಿಯಲ್ಲಿ ಸಾಲಾಗಿ ಐದು. ಈ ಕೊನೆಯದರಲ್ಲಿ ಟಿ-ಜೆ-ಕ್ಯೂ-ಕೆ-ಎ ಬಂದರೆ ರಾಯಲ್ ಫ್ಲಶ್.

ತೀನ್ ಪತ್ತಿ ಆಡುವವರು ಇಲ್ಲಿ ಎಡವುತ್ತಾರೆ. ಅಲ್ಲಿ ಸೀಕ್ವೆನ್ಸ್ ಕಲರ್ ಅನ್ನು ಹೊಡೆಯುತ್ತದೆ. ಇಲ್ಲಿ ಉಲ್ಟಾ, ಫ್ಲಶ್ ಮೇಲೆ, ಸ್ಟ್ರೇಟ್ ಕೆಳಗೆ. ಯಾರೋ ಸುಮ್ನೆ ಮಾಡಿದ ನಿಯಮ ಅಲ್ಲ ಇದು. ಎರಡೂ ಆಟದಲ್ಲಿ ತತ್ವ ಒಂದೇ: ಅಪರೂಪಕ್ಕೆ ಬರುವುದು ದೊಡ್ಡದು. ಮೂರು ಎಲೆ ಹಂಚುವ ಬಗೆಗಳು 22,100. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಸೀಕ್ವೆನ್ಸ್ ಕಮ್ಮಿ, ಅದಕ್ಕೇ ಅದು ದೊಡ್ಡದು. ಐದು ಎಲೆಗೆ ಬಂದಾಗ ಲೆಕ್ಕ ತಿರುಗಿಬಿಡುತ್ತದೆ. ಒಟ್ಟು 25,98,960 ಬಗೆಗಳಲ್ಲಿ ಸ್ಟ್ರೇಟ್ 10,200, ಫ್ಲಶ್ 5,108. ಐದೂ ಎಲೆ ಒಂದೇ ಜಾತಿಯದ್ದು ಬರುವುದು ಮೂರು ಬಂದಷ್ಟು ಸಲೀಸಲ್ಲ. ರಾಯಲ್ ಫ್ಲಶ್ ಅಂತೂ ಅಷ್ಟರಲ್ಲಿ ಬರೀ 4.

ಎಕ್ಕ ಎರಡೂ ಕಡೆ ಕೆಲಸ ಮಾಡುತ್ತದೆ. ಎ-2-3-4-5 ಎಲ್ಲಕ್ಕಿಂತ ಸಣ್ಣ ಸ್ಟ್ರೇಟ್, ಹೆಸರು ‘ವೀಲ್’. ಟಿ-ಜೆ-ಕ್ಯೂ-ಕೆ-ಎ ಎಲ್ಲಕ್ಕಿಂತ ದೊಡ್ಡದು, ಹೆಸರು ‘ಬ್ರಾಡ್‌ವೇ’. ಕ್ಯೂ-ಕೆ-ಎ-2-3 ಅಂತ ಸುತ್ತು ಹಾಕುವ ಹಾಗಿಲ್ಲ.

‘ಕಿಕ್ಕರ್’ ಅನ್ನುವ ಪದ ಇಲ್ಲಿಯೇ ತಿಳಿದಿರಲಿ. ನಿಮ್ಮಲ್ಲಿ ಎ-9, ಎದುರಿನವರಲ್ಲಿ ಎ-ಕೆ, ಮಧ್ಯದಲ್ಲಿ ಎ-ಜೆ-7-4-2. ಇಬ್ಬರಿಗೂ ಎಕ್ಕದ ಜೋಡಿ. ಆದರೆ ಅವರ ಐದು ಎಲೆ ಎ-ಎ-ಕೆ-ಜೆ-7, ನಿಮ್ಮದು ಎ-ಎ-ಜೆ-9-7. ಜೋಡಿಯ ಪಕ್ಕದಲ್ಲಿ ನಿಂತ ರಾಜ ಗೆದ್ದ. ಆ ಪಕ್ಕದ ಎಲೆಯೇ ಕಿಕ್ಕರ್. ಹೊಸಬರ ಚಿಪ್, ಅಂದರೆ ದುಡ್ಡಿನ ಬದಲು ಇಡುವ ಬಿಲ್ಲೆ, ಖಾಲಿಯಾಗುವುದು ಜಾಸ್ತಿ ಇಲ್ಲಿಯೇ.

ಎಲ್ಲಿ ಕೂತಿದ್ದಾರೆ

ಮೇಜಿನ ಮೇಲೆ ಒಂದು ದುಂಡನೆಯ ಬಿಲ್ಲೆ ಇರುತ್ತದೆ. ಅದೇ ‘ಬಟನ್’. ಅದು ಯಾರ ಮುಂದಿದೆಯೋ ಲೆಕ್ಕಕ್ಕೆ ಎಲೆ ಹಂಚುವವರು ಅವರೇ, ಬೇರೆ ಯಾರೋ ಹಂಚುತ್ತಿದ್ದರೂ. ಪ್ರತಿ ಆಟ ಮುಗಿದ ಮೇಲೆ ಬಿಲ್ಲೆ ಎಡಕ್ಕೆ ಒಂದು ಜಾಗ ಸರಿಯುತ್ತದೆ. ಬಟನ್‌ನ ಎಡಕ್ಕೆ ಸ್ಮಾಲ್ ಬ್ಲೈಂಡ್, ಅವರ ಎಡಕ್ಕೆ ಬಿಗ್ ಬ್ಲೈಂಡ್. ಅವರ ಎಡಕ್ಕೆ ಮೊದಲು ಮಾತಾಡಬೇಕಾದವರು, ‘ಅಂಡರ್ ದ ಗನ್’, ಚುಟುಕಾಗಿ ಯುಟಿಜಿ. ಬಟನ್‌ನ ಬಲಕ್ಕೆ ಹಿಂದೆ ಹಿಂದೆ ಎಣಿಸಿದರೆ ‘ಕಟಾಫ್’, ಅದರ ಹಿಂದೆ ‘ಹೈಜಾಕ್’, ಅದರ ಹಿಂದೆ ‘ಲೋಜಾಕ್’. ಬರೆಯುವಾಗ ಬಿಟಿಎನ್, ಸಿಓ, ಎಚ್‌ಜೆ, ಎಲ್‌ಜೆ, ಎಸ್‌ಬಿ, ಬಿಬಿ. ಇಬ್ಬರೇ ಆಡುವಾಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್.

ಇಷ್ಟೊಂದು ಹೆಸರು ಯಾಕೆ? ಮಧ್ಯದ ಎಲೆ ಬಿದ್ದ ಮೇಲೆ ಬಟನ್‌ನವರು ಯಾವಾಗಲೂ ಕೊನೆಗೆ ಮಾತಾಡುತ್ತಾರೆ. ಉಳಿದವರು ಏನು ಮಾಡಿದರು ಅಂತ ನೋಡಿಕೊಂಡು ತೀರ್ಮಾನ ಮಾಡುವ ಅನುಕೂಲ ಅದು. ಹಾಗಾಗಿ ಅದೇ ಕೆ-ಟಿ ಯುಟಿಜಿಯಲ್ಲಿ ಬಿಸಾಡುವ ಎಲೆ, ಬಟನ್‌ನಲ್ಲಿ ಆಡುವ ಎಲೆ. ಜಾಗ ಹೇಳದೆ ಬರೀ ಎಲೆ ಹೇಳಿ ‘ಆಡಬೇಕಿತ್ತಾ?’ ಅಂತ ಕೇಳಿದರೆ ತಿಳಿದವರು ಮೊದಲು ಕೇಳುವುದು ‘ಎಲ್ಲಿ ಕೂತಿದ್ರಿ?’ ಅಂತ.

ಒಂದು ಸಣ್ಣ ಕಿರಿಕಿರಿ: ದೊಡ್ಡಕ್ಷರದ ಬಿಬಿ ಅಂದರೆ ಬಿಗ್ ಬ್ಲೈಂಡ್ ಜಾಗದಲ್ಲಿ ಕೂತವರು. ಸಣ್ಣಕ್ಷರದ ಬಿಬಿ ಅಂದರೆ ಅಳತೆ. ಬ್ಲೈಂಡ್ 50/100 ಇದ್ದಾಗ 250 ಚಿಪ್ ಅಂದರೆ 2.5 ಬಿಬಿ. ಚಿಪ್ಪಿನ ಸಂಖ್ಯೆಗಿಂತ ಈ ಅಳತೆ ಉಪಯೋಗ. 10,000 ಚಿಪ್ ಇದೆ ಅಂದರೆ ಏನೂ ತಿಳಿಯುವುದಿಲ್ಲ. 100 ಬಿಬಿ ಇದೆ ಅಂದರೆ ಆರಾಮಾಗಿದ್ದಾರೆ, 8 ಬಿಬಿ ಇದೆ ಅಂದರೆ ಕುತ್ತಿಗೆಗೆ ಬಂದಿದೆ.

ಒಂದು ಆಟ, ಸಾಲು ಸಾಲಾಗಿ

ಈಗ ಬರೆದಿಟ್ಟ ಒಂದು ಆಟ ಓದೋಣ. ನಾನೇ ಕಟ್ಟಿದ್ದು, ಆದರೆ ಬರೆಯುವ ರೀತಿ ಎಲ್ಲೆಡೆ ಹೆಚ್ಚೂಕಮ್ಮಿ ಹೀಗೇ.

6 ಜನ, ಬ್ಲೈಂಡ್ 50/100, ಎಲ್ಲರ ಹತ್ತಿರ 100 ಬಿಬಿ.
ಹೀರೋ ಸಿಓ: ಎ♥ ಕ್ಯೂ♥
ಪ್ರೀಫ್ಲಾಪ್: 2 ಫೋಲ್ಡ್, ಹೀರೋ 250, 2 ಫೋಲ್ಡ್, ಬಿಬಿ ಕಾಲ್.
ಫ್ಲಾಪ್ (550) ಕ್ಯೂ♠ 8♥ 3♥: ಬಿಬಿ ಚೆಕ್, ಹೀರೋ 300, ಬಿಬಿ ಕಾಲ್.
ಟರ್ನ್ (1,150) 8♦: ಬಿಬಿ ಚೆಕ್, ಹೀರೋ 800, ಬಿಬಿ ಕಾಲ್.
ರಿವರ್ (2,750) 2♥: ಬಿಬಿ ಚೆಕ್, ಹೀರೋ 2,000, ಬಿಬಿ 6,000, ಹೀರೋ ಕಾಲ್.

‘ಹೀರೋ’ ಅಂದರೆ ಯಾರ ಕೈ ನಮಗೆ ತೋರಿಸಿದ್ದಾರೋ ಅವರು. ಎದುರಾಳಿ ‘ವಿಲನ್’. ಅವರೇನೂ ಕೆಟ್ಟವರಲ್ಲ, ಹಾಗೆ ಕರೆಯುವ ರೂಢಿ. ಕಂಸದ ಸಂಖ್ಯೆ ಆ ಹೊತ್ತಿಗೆ ಮಧ್ಯದಲ್ಲಿ ಸೇರಿರುವ ಮೊತ್ತ, ಅಂದರೆ ‘ಪಾಟ್’. 250 ಎರಡು ಸಲ, ಬಿಟ್ಟುಹೋದ ಸ್ಮಾಲ್ ಬ್ಲೈಂಡಿನ 50, ಒಟ್ಟು 550. ಹೀಗೆ ಪ್ರತಿ ಸಾಲಿನಲ್ಲೂ ಕೂಡಿ ನೋಡುವುದು ಒಳ್ಳೆಯ ಅಭ್ಯಾಸ.

ಮಧ್ಯದ ಎಲೆ ಬೀಳುವ ಮೊದಲು ನಡೆಯುವುದು ಪ್ರೀಫ್ಲಾಪ್. ಮೊದಲ ಮೂರು ಎಲೆ ಒಟ್ಟಿಗೆ ಬೀಳುವುದು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಪ್ರತಿ ಸಲ ಹಾಕುವ ಮುಂಚೆ ಮೇಲಿನ ಒಂದು ಎಲೆಯನ್ನು ಪಕ್ಕಕ್ಕೆ ಎಸೆಯುತ್ತಾರೆ. ಅದು ‘ಬರ್ನ್’, ಮೋಸ ತಡೆಯುವ ಹಳೆಯ ಪದ್ಧತಿ.

ಮಾಡುವ ಕೆಲಸಗಳು ಐದೇ. ಯಾರೂ ಏನೂ ಹಾಕಿಲ್ಲದಿದ್ದರೆ ದುಡ್ಡು ಹಾಕದೆ ಸರದಿ ದಾಟಿಸಬಹುದು, ಅದು ಚೆಕ್. ಮೊದಲು ಹಾಕುವುದು ಬೆಟ್. ಅಷ್ಟನ್ನೇ ಕೊಟ್ಟು ಉಳಿಯುವುದು ಕಾಲ್. ಏರಿಸುವುದು ರೇಸ್. ಎಲೆ ಬಿಸಾಡುವುದು ಫೋಲ್ಡ್, ತೀನ್ ಪತ್ತಿಯ ‘ಪ್ಯಾಕ್’ ಇದೇ. ತೀನ್ ಪತ್ತಿಯಲ್ಲಿ ಚೆಕ್ ಇಲ್ಲ, ಇದ್ದರೆ ಚಾಲು, ಇಲ್ಲದಿದ್ದರೆ ಪ್ಯಾಕ್. ಹಾಗಾಗಿ ಅಲ್ಲಿಂದ ಬಂದವರು ಪುಕ್ಕಟೆ ಎಲೆ ನೋಡುವ ಅವಕಾಶ ಇದ್ದಾಗಲೂ ಎಲೆ ಬಿಸಾಡಿಬಿಡುತ್ತಾರೆ.

ಮತ್ತೆ ಆಟಕ್ಕೆ ಬನ್ನಿ. ಫ್ಲಾಪ್‌ನಲ್ಲಿ ಹೀರೋಗೆ ರಾಣಿ ಜೋಡಿ ಆಯಿತು. ಮಧ್ಯದ ಎಲೆಗಳಲ್ಲಿ ರಾಣಿಯೇ ದೊಡ್ಡದು, ಅದಕ್ಕೆ ಇದು ‘ಟಾಪ್ ಪೇರ್’. ಪಕ್ಕದಲ್ಲಿ ಎಕ್ಕ, ಅದಕ್ಕೆ ‘ಟಾಪ್ ಕಿಕ್ಕರ್’. ಇದರ ಜೊತೆ ಕೈಯಲ್ಲಿ ಎರಡು, ಮೇಜಿನಲ್ಲಿ ಎರಡು ಆಟೀನು. ಇನ್ನೊಂದು ಬಂದರೆ ಫ್ಲಶ್. ಹೀಗೆ ಪೂರ್ತಿಯಾಗಲು ಕಾಯುತ್ತಿರುವ ಕೈಗೆ ‘ಡ್ರಾ’ ಅಂತಾರೆ. ಬೇಕಾದ ಎಲೆಗಳಿಗೆ ‘ಔಟ್ಸ್’. 13 ಆಟೀನಿನಲ್ಲಿ 4 ಕಂಡಿವೆ, ಉಳಿದ 9 ಔಟ್ಸ್. ಇನ್ನೂ ಎರಡು ಎಲೆ ಬಾಕಿ ಇದ್ದರೆ ಔಟ್ಸನ್ನು 4ರಿಂದ ಗುಣಿಸಿ, ಒಂದೇ ಬಾಕಿ ಇದ್ದರೆ 2ರಿಂದ. 9 ನಾಲ್ಕಲೆ 36. ನಿಖರ ಲೆಕ್ಕ ಶೇ 35. ಮೇಜಿನಲ್ಲಿ ಕೂತು ಹಾಕುವ ಲೆಕ್ಕಕ್ಕೆ ಇಷ್ಟು ಸಾಕು.

ಪ್ರೀಫ್ಲಾಪ್‌ನಲ್ಲಿ ಏರಿಸಿದವರೇ ಫ್ಲಾಪ್‌ನಲ್ಲೂ ಬೆಟ್ ಮಾಡಿದರೆ ಅದು ‘ಸಿ-ಬೆಟ್’. ಹೀರೋನ 300 ಅದೇ. ಟರ್ನ್‌ನಲ್ಲಿ 8♦ ಬಂತು. ಮೇಜಿನಲ್ಲೇ ಎಂಟರ ಜೋಡಿ ಬಿತ್ತು, ‘ಬೋರ್ಡ್ ಪೇರ್ ಆಯಿತು’ ಅಂತಾರೆ. ಈ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು. ಫುಲ್ ಹೌಸ್ ಆಗಲು ಬೋರ್ಡ್‌ನಲ್ಲಿ ಜೋಡಿ ಬೇಕೇ ಬೇಕು. ಈಗ ಆ ಬಾಗಿಲು ತೆರೆಯಿತು.

ರಿವರ್‌ನಲ್ಲಿ 2♥. ಹೀರೋಗೆ ಎಕ್ಕದ ಫ್ಲಶ್. ಫ್ಲಶ್‌ಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ, ಅದಕ್ಕೇ ಹೆಸರು ‘ನಟ್ ಫ್ಲಶ್’. ಆದರೆ ‘ನಟ್ಸ್’ ಅಲ್ಲ. ನಟ್ಸ್ ಅಂದರೆ ಆ ಬೋರ್ಡ್‌ನಲ್ಲಿ ಸಾಧ್ಯವಿರುವ ಎಲ್ಲಕ್ಕಿಂತ ದೊಡ್ಡ ಕೈ. ಇಲ್ಲಿ ಅದು ನಾಲ್ಕು ಎಂಟು. ಅದರ ಕೆಳಗೆ ಫುಲ್ ಹೌಸ್‌ಗಳ ಸಾಲೇ ಇದೆ. ನಟ್ ಫ್ಲಶ್ ಅನ್ನುವ ಹೆಸರಿನಲ್ಲಿ ನಟ್ ಇದೆ ಅಂತ ಮೈಮರೆಯುವವರು ತುಂಬಾ ಜನ.

ಮೊದಲು ಚೆಕ್ ಮಾಡಿ, ಎದುರಿನವರು ಹಾಕಿದ ಮೇಲೆ ಏರಿಸುವುದು ‘ಚೆಕ್-ರೇಸ್’. ವಿಲನ್ ರಿವರ್‌ನಲ್ಲಿ ಮಾಡಿದ್ದು ಅದನ್ನೇ. ಹೀರೋ ಇನ್ನು 4,000 ಕೊಡಬೇಕು. ಗೆದ್ದರೆ ಸಿಗುವುದು ಅಲ್ಲಿರುವ 10,750. ಈ ಎರಡರ ಹೋಲಿಕೆಗೆ ‘ಪಾಟ್ ಆಡ್ಸ್’ ಅಂತ ಹೆಸರು. ಕೊಡುವ 4,000ವನ್ನು ಕಾಲ್ ಆದ ಮೇಲಿನ ಒಟ್ಟು 14,750ರಿಂದ ಭಾಗಿಸಿದರೆ ಶೇ 27. ನೂರರಲ್ಲಿ 27 ಸಲಕ್ಕಿಂತ ಜಾಸ್ತಿ ಗೆಲ್ಲುವ ಹಾಗಿದ್ದರೆ ಕಾಲ್ ಮಾಡಿದ್ದು ಸರಿ. ಹೀರೋ ಹಾಗೆ ಅಂದುಕೊಂಡು ಕಾಲ್ ಮಾಡಿದರು.

ಎಲೆ ತೋರಿಸುವ ಹಂತ ‘ಶೋಡೌನ್’. ವಿಲನ್ ತಿರುಗಿಸಿದ್ದು 3♠ 3♣. ಫ್ಲಾಪ್‌ನಲ್ಲೇ ಮೂರು ಮೂರಾಗಿತ್ತು. ಕೈಯಲ್ಲಿ ಜೋಡಿ ಇದ್ದು ಬೋರ್ಡ್‌ನಲ್ಲಿ ಮೂರನೆಯದು ಬಂದರೆ ‘ಸೆಟ್’. ಕೈಯಲ್ಲಿ ಒಂದಿದ್ದು ಬೋರ್ಡ್‌ನಲ್ಲಿ ಜೋಡಿ ಬಂದರೆ ‘ಟ್ರಿಪ್ಸ್’. ದರ್ಜೆ ಒಂದೇ, ಆದರೆ ಸೆಟ್ ಅಡಗಿಕೊಂಡಿರುತ್ತದೆ, ಟ್ರಿಪ್ಸ್ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿರುತ್ತದೆ. ಟರ್ನ್‌ನಲ್ಲಿ ಎಂಟು ಬಿದ್ದಾಗ ವಿಲನ್‌ಗೆ ಫುಲ್ ಹೌಸ್ ಆಯಿತು.

ಈಗ ಹಿಂದೆ ತಿರುಗಿ ಟರ್ನ್ ನೋಡಿ. ಹೀರೋ ಆಗಲೂ 9 ಆಟೀನು ಎಣಿಸುತ್ತಿದ್ದಿರಬೇಕು. ಆ ಒಂಬತ್ತರಲ್ಲಿ ಒಂದೂ ಕೆಲಸಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಫ್ಲಶ್ ಫುಲ್ ಹೌಸಿಗೆ ಸೋಲುತ್ತದೆ. ಅವರನ್ನು ಉಳಿಸುತ್ತಿದ್ದದ್ದು ಬಾಕಿ ಇದ್ದ ಎರಡು ರಾಣಿ, ಎರಡು ಎಂಟು ಮಾತ್ರ. ಕಾಣದ 44 ಎಲೆಯಲ್ಲಿ 4, ಶೇ 9. ಹೀಗೆ ಬಂದರೂ ಗೆಲ್ಲಿಸದ ಎಲೆಗಾಗಿ ಕಾಯುವುದಕ್ಕೆ ‘ಡ್ರಾಯಿಂಗ್ ಡೆಡ್’ ಅಂತಾರೆ. ಹೀರೋ ಪೂರ್ತಿ ಡೆಡ್ ಅಲ್ಲ, ಅವರ ಫ್ಲಶ್ ಡ್ರಾ ಮಾತ್ರ ಡೆಡ್. ಎರಡೂ ಕಡೆ ದೊಡ್ಡ ಕೈ ಬಂದು ಒಬ್ಬರು ಸೋಲಲೇಬೇಕಾದ ಇಂಥ ಆಟಕ್ಕೆ ‘ಕೂಲರ್’ ಅನ್ನುವ ಪದ ಇದೆ. ಸೋತವರು ಪ್ರತಿ ಸೋಲನ್ನೂ ಕೂಲರ್ ಅನ್ನುತ್ತಾರೆ, ಅದು ಬೇರೆ ಮಾತು.

ಇನ್ನು ಕೆಲವು

‘ತ್ರೀ-ಬೆಟ್’ ಕೇಳಿದಾಗ ಮೂರನೇ ಸಲ ಏರಿಸಿದ್ದು ಅನ್ನಿಸುತ್ತದೆ. ಅಲ್ಲ. ಪ್ರೀಫ್ಲಾಪ್‌ನಲ್ಲಿ ಬಿಗ್ ಬ್ಲೈಂಡನ್ನೇ ಮೊದಲ ಬೆಟ್ ಅಂತ ಎಣಿಸುತ್ತಾರೆ. ಮೊದಲ ರೇಸ್ ಎರಡನೆಯದು. ಅದರ ಮೇಲೆ ಏರಿಸಿದರೆ ಮೂರನೆಯದು, ಅದೇ ತ್ರೀ-ಬೆಟ್. ನಮ್ಮ ಆಟದಲ್ಲಿ ಬಿಬಿ ಬರೀ ಕಾಲ್ ಮಾಡಿದ್ದರಿಂದ ತ್ರೀ-ಬೆಟ್ ಇರಲಿಲ್ಲ. ಏರಿಸದೆ ಬಿಗ್ ಬ್ಲೈಂಡ್ ಅಷ್ಟನ್ನೇ ಕೊಟ್ಟು ಒಳಗೆ ಬರುವುದು ‘ಲಿಂಪ್’. ತಿಳಿದವರು ಇದನ್ನು ಸ್ವಲ್ಪ ತಾತ್ಸಾರದಿಂದಲೇ ಹೇಳುತ್ತಾರೆ.

‘ಆಲ್-ಇನ್’ ಗೊತ್ತಿರುವ ಪದವೇ, ಇರುವುದೆಲ್ಲ ಹಾಕುವುದು. ಅದರ ಜೊತೆ ಬರುವ ‘ಸೈಡ್ ಪಾಟ್’ ಮಾತ್ರ ಗೊಂದಲ. ಒಬ್ಬರ ಹತ್ತಿರ 1,000, ಇನ್ನಿಬ್ಬರ ಹತ್ತಿರ ತಲಾ 3,000, ಮೂವರೂ ಆಲ್-ಇನ್ ಅಂದುಕೊಳ್ಳಿ. ಸಾವಿರದವರು ಪ್ರತಿಯೊಬ್ಬರಿಂದ ಸಾವಿರವನ್ನಷ್ಟೇ ಗೆಲ್ಲಬಹುದು. ಮೇನ್ ಪಾಟ್ 3,000, ಮೂವರಿಗೂ ಹಕ್ಕು. ಉಳಿದ 4,000 ಸೈಡ್ ಪಾಟ್, ಅದು ಆ ಇಬ್ಬರ ನಡುವೆ ಮಾತ್ರ.

ಟೂರ್ನಮೆಂಟ್ ಮಾತುಗಳಲ್ಲಿ ‘ಸ್ಯಾಟಲೈಟ್’ ಒಂದು. ಕಡಿಮೆ ದುಡ್ಡಿನ ಪಂದ್ಯ ಗೆದ್ದು ದೊಡ್ಡ ಪಂದ್ಯಕ್ಕೆ ಸೀಟು ಪಡೆಯುವುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಕ್ರಿಸ್ ಮನಿಮೇಕರ್. ಹೆಸರು ನಿಜವಾಗಿಯೂ ಅದೇ. ಅಮೆರಿಕದ ಈ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್ ಮೂಲಕ, 10,000 ಡಾಲರ್ ಪ್ರವೇಶ ಶುಲ್ಕದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಕ್ಕೆ ಬಂದು 2003ರಲ್ಲಿ 25 ಲಕ್ಷ ಡಾಲರ್ ಗೆದ್ದರು.

ಕೈಗಳಿಗೆ ಅಡ್ಡಹೆಸರುಗಳೂ ಇವೆ. ಎಕ್ಕದ ಜೋಡಿಗೆ ‘ರಾಕೆಟ್ಸ್’, ರಾಜನ ಜೋಡಿಗೆ ‘ಕೌಬಾಯ್ಸ್’, ಗುಲಾಮನ ಜೋಡಿಗೆ ಆ ಅಕ್ಷರದ ಆಕಾರ ನೋಡಿ ‘ಹುಕ್ಸ್’, 2-2ಕ್ಕೆ ‘ಡಕ್ಸ್’. ಟಿ-2 ಕೈಯ ಹೆಸರು ‘ಡಾಯ್ಲ್ ಬ್ರನ್ಸನ್’. ಈ ಆಟಗಾರ 1976 ಮತ್ತು 1977ರಲ್ಲಿ, ಎರಡು ವರ್ಷವೂ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದ ಕೊನೆಯ ಆಟವನ್ನು ಈ ಎಲೆಯಲ್ಲೇ ಗೆದ್ದರು. ಎಕ್ಕ ಮತ್ತು ಎಂಟರ ಎರಡು ಜೋಡಿಗೆ ‘ಡೆಡ್ ಮ್ಯಾನ್ಸ್ ಹ್ಯಾಂಡ್’. 1876ರ ಆಗಸ್ಟ್ 2ರಂದು ಅಮೆರಿಕದ ಡೆಡ್‌ವುಡ್ ಊರಿನಲ್ಲಿ ವೈಲ್ಡ್ ಬಿಲ್ ಹಿಕಾಕ್ ಅನ್ನುವ ಹೆಸರಾಂತ ಬಂದೂಕುಗಾರ ಪೋಕರ್ ಆಡುತ್ತಿದ್ದಾಗ ಗುಂಡೇಟಿಗೆ ಸತ್ತ. ಆಗ ಅವನ ಕೈಯಲ್ಲಿ ಇದ್ದದ್ದು ಆ ಎಲೆಗಳು ಅಂತ ಕಥೆ. ಇವೆಲ್ಲ ಗೊತ್ತಿಲ್ಲದಿದ್ದರೂ ಆಟಕ್ಕೆ ನಷ್ಟ ಇಲ್ಲ.

ಕಲಿಯುವುದು ಎಲ್ಲಿ

ದುಡ್ಡು ಕಟ್ಟಿ ಫೋನಿನಲ್ಲಿ ಕಲಿಯುತ್ತೇನೆ ಅಂದರೆ ಈಗ ಆಗುವುದಿಲ್ಲ. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ಇಡೀ ದೇಶಕ್ಕೇ ನಿಷೇಧಿಸಿತು. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಅದರಲ್ಲಿಲ್ಲ. ಭಾಷೆ ಕಲಿಯಲು ದುಡ್ಡು ಬೇಕಾಗಿಯೂ ಇಲ್ಲ ಬಿಡಿ. ಒಂದು ಕಟ್ಟು ಎಲೆ, ಎಣಿಸಲು ಒಂದಿಷ್ಟು ಹುಣಸೆ ಬೀಜ, ನಾಲ್ಕು ಜನ ಇದ್ದರೆ ಸಾಕು. ಯಾರೂ ಸಿಗದಿದ್ದರೆ ಒಬ್ಬರೇ ಕೂತು ಎಲೆ ಕಲಸಿ ಎರಡು ಕೈ ಹಂಚಿ, ಮೇಲಿನ ರೀತಿಯಲ್ಲಿ ಸಾಲು ಸಾಲಾಗಿ ಬರೆಯಿರಿ. ಪ್ರತಿ ಹಂತದಲ್ಲೂ ಮೂರು ಕೇಳಿಕೊಳ್ಳಿ: ಈಗ ನಟ್ಸ್ ಯಾವುದು, ಹಿಂದಿರುವ ಕೈಗೆ ಔಟ್ಸ್ ಎಷ್ಟು, ಪಾಟ್ ಎಷ್ಟಾಯಿತು. ನಟ್ಸ್ ಥಟ್ಟನೆ ಹೇಳಲು ಬಂದ ದಿನ ಅರ್ಧ ಪದಗಳು ನಿಮ್ಮವಾಗಿರುತ್ತವೆ.

ಜಿಟಿಓ, ಸಾಲ್ವರ್, ಬ್ಲಾಕರ್, ಐಸಿಎಂ ಅನ್ನುವ ಪದಗಳು ವಿಡಿಯೋಗಳಲ್ಲಿ ಮಾತು ಮಾತಿಗೂ ಬರುತ್ತವೆ. ಅವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಿಕ್ಕರ್ ಯಾವುದು ಅಂತ ಇನ್ನೂ ಬೆರಳಿಟ್ಟು ಹುಡುಕುತ್ತಿರುವಾಗ ಸಾಲ್ವರ್ ತಂತ್ರಾಂಶ ಹೇಳಿದ್ದು ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ.